ಗ್ರೂಪ್ ಟೂರ್‌ನಲ್ಲಿ ಮೊದಲ ಸಲ ಬೀಜಿಂಗ್: ಟೂರ್‌ನವರು ಏನು ನೋಡಿಕೊಳ್ಳುತ್ತಾರೆ, ಏನು ನೋಡಿಕೊಳ್ಳೋದಿಲ್ಲ

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಶಿಕ್ಷಕಿ, ವಯಸ್ಸು 61. ಯಜಮಾನರಿಗೆ 66. ಅಕ್ಟೋಬರ್ ಕೊನೆಯಲ್ಲಿ ಒಂದು ಕಂಪನಿಯ ಗ್ರೂಪ್ ಟೂರ್‌ನಲ್ಲಿ ಚೀನಾಕ್ಕೆ ಹೊರಟಿದ್ದೇವೆ. ಬೀಜಿಂಗ್ 4 ರಾತ್ರಿ, ಆಮೇಲೆ ಬುಲೆಟ್ ರೈಲಿನಲ್ಲಿ ಶಾಂಘೈಗೆ ಹೋಗಿ 2 ರಾತ್ರಿ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ನನಗೆ ಮಂಡಿ ನೋವು ಇದೆ. ಅಲ್ಲಿ ವಾಟ್ಸಾಪ್ ನಡೆಯೋದಿಲ್ಲ, ನೋಟು ತಗೊಳ್ಳೋದಿಲ್ಲ ಅಂತ ಮಗ ಹೆದರಿಸುತ್ತಾನೆ. ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ ಅಂತ ಏಜೆಂಟ್ ಹೇಳುತ್ತಾರೆ. ನಿಜವಾ? ಗುಂಪಿನಿಂದ ತಪ್ಪಿಸಿಕೊಂಡರೆ ಏನು ಗತಿ?

ಉತ್ತರ:

ಅರ್ಧ ನಿಜ ಮೇಡಂ. ಓಡಾಟ, ಹೋಟೆಲ್, ಟಿಕೆಟ್, ಹೊತ್ತಿಗೆ ಸರಿಯಾಗಿ ಊಟ, ಇವನ್ನೆಲ್ಲ ಟೂರ್‌ನವರು ನೋಡಿಕೊಳ್ಳುತ್ತಾರೆ. ಭಾಷೆ ಬಾರದ, ಬೋರ್ಡು ಕೂಡ ಓದೋಕೆ ಆಗದ ಊರಿಗೆ ಮೊದಲ ಸಲ ಹೋಗುವವರಿಗೆ ಗ್ರೂಪ್ ಟೂರ್ ಒಳ್ಳೆಯ ದಾರಿ ಅಂತಲೇ ನಾನು ಹೇಳೋದು. ಆದರೆ ನಿಮ್ಮ ಫೋನು, ನಿಮ್ಮ ದುಡ್ಡು, ನಿಮ್ಮ ಹೊಟ್ಟೆ, ನಿಮ್ಮ ಮಂಡಿ, ಈ ನಾಲ್ಕನ್ನು ಯಾವ ಟೂರ್ ಮ್ಯಾನೇಜರೂ ನೋಡಿಕೊಳ್ಳೋಕಾಗೋದಿಲ್ಲ. ನಾನೂ ಆ ಕೆಲಸ ಮಾಡಿದವನೇ. ಜನರನ್ನು ಎಣಿಸಿ ಬಸ್ ಹತ್ತಿಸಿ, ಇಳಿಸಿ, ಮತ್ತೆ ಎಣಿಸೋದರಲ್ಲೇ ದಿನ ಮುಗಿಯುತ್ತದೆ. ಈ ನಾಲ್ಕರ ತಯಾರಿ ದಾವಣಗೆರೆಯಲ್ಲೇ ಆಗಬೇಕು. ಬೀಜಿಂಗ್‌ನಲ್ಲಿ ಇಳಿದ ಮೇಲೆ ನೋಡೋಣ ಅಂದರೆ ಕೆಲವು ಕೆಲಸ ಆಗೋದೇ ಇಲ್ಲ.

ಫೋನಿನಿಂದ ಶುರು ಮಾಡೋಣ. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ವಾಟ್ಸಾಪ್, ಗೂಗಲ್, ಜಿಮೇಲ್, ಯೂಟ್ಯೂಬ್, ಫೇಸ್‌ಬುಕ್ ಯಾವುದೂ ಚೀನಾದ ಇಂಟರ್ನೆಟ್‌ನಲ್ಲಿ ತೆರೆಯೋದಿಲ್ಲ. ಹೋಟೆಲಿನ ವೈಫೈ ಕೂಡ ಅದೇ ಇಂಟರ್ನೆಟ್, ಅದರಲ್ಲೂ ಇಲ್ಲ. ಆದರೆ ನಿಮ್ಮ ಇಲ್ಲಿಯ ಸಿಮ್‌ಗೇ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋದರೆ ಇವೆಲ್ಲ ಸಾಮಾನ್ಯವಾಗಿ ನಡೆಯುತ್ತವೆ. ರೋಮಿಂಗ್‌ನಲ್ಲಿ ಫೋನು ಹಿಡಿಯೋದು ಚೀನಾದ ಟವರ್ ಆದರೂ ಇಂಟರ್ನೆಟ್ ಸೇರೋದು ನಿಮ್ಮ ಕಂಪನಿಯ ಮೂಲಕ. ಹಾಗಾಗಿ ಅಲ್ಲಿಯ ತಡೆ ಇದಕ್ಕೆ ತಾಗೋದಿಲ್ಲ. ಏರ್‌ಪೋರ್ಟ್‌ನಲ್ಲಿ ಮಾರುವ ಚೀನಾ ಸಿಮ್ ತಗೊಂಡರೆ ಮಾತ್ರ ವಾಟ್ಸಾಪ್ ಹೋಯಿತು ಅಂತಲೇ ಲೆಕ್ಕ. ಪ್ಯಾಕ್ ಒಂದು ಸಾಕು, ಇಬ್ಬರೂ ಜೊತೆಗೇ ಇರುತ್ತೀವಲ್ಲ ಅನ್ನಬೇಡಿ. ತಪ್ಪಿಸಿಕೊಳ್ಳೋದು ಗುಂಪಿನಿಂದ ಅಷ್ಟೇ ಅಲ್ಲ, ಒಬ್ಬರಿಂದೊಬ್ಬರೂ ತಪ್ಪಿಸಿಕೊಳ್ಳುತ್ತೀರಿ. ಒಬ್ಬರು ಟಾಯ್ಲೆಟ್‌ಗೆ ಹೋಗಿರುತ್ತಾರೆ, ಇನ್ನೊಬ್ಬರು ಗೈಡ್ ಬಾವುಟದ ಹಿಂದೆ ನಡೆದುಬಿಟ್ಟಿರುತ್ತಾರೆ. ಇಬ್ಬರಿಗೂ ಬೇರೆ ಬೇರೆ ಪ್ಯಾಕ್ ಇರಲಿ.

ಹೊರಡೋ ಮುಂಚೆಯೇ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಚೀನೀ ಭಾಷೆಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಇಲ್ಲದಿದ್ದರೂ ಕೆಲಸಕ್ಕೆ ಬರುತ್ತದೆ. ಗೂಗಲ್ ಮ್ಯಾಪ್ಸ್ ತೆರೆದುಕೊಂಡರೂ ಅಲ್ಲಿ ನಂಬಬೇಡಿ. ನೀವು ನಿಂತ ಜಾಗವನ್ನು ಪಕ್ಕದ ಬೀದಿಯಲ್ಲಿ ತೋರಿಸೋದು ಮಾಮೂಲು. ಐಫೋನ್ ಇದ್ದರೆ ಅದರ ಮ್ಯಾಪೇ ಸಾಕು.

ಇನ್ನು ದುಡ್ಡು. ನೋಟು ತಗೊಳ್ಳೋದಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ನಗದನ್ನು ಬೇಡ ಅನ್ನೋ ಹಾಗಿಲ್ಲ ಅಂತ ಅಲ್ಲಿ ನಿಯಮವೇ ಇದೆ. ತೊಂದರೆ ಚಿಲ್ಲರೆಯದು. ಎಲ್ಲರೂ ಫೋನಿನಲ್ಲೇ ಕೊಡೋದರಿಂದ ಅಂಗಡಿಯವರ ಹತ್ತಿರ ವಾಪಸ್ ಕೊಡೋಕೆ ನೋಟೇ ಇರೋದಿಲ್ಲ. 6 ಯುವಾನ್ ನೀರಿನ ಬಾಟಲಿಗೆ 100ರ ನೋಟು ಕೊಟ್ಟರೆ ಅವರು ನಿಮ್ಮ ಮುಖ ನೋಡುತ್ತಾರೆ, ನೀವು ಅವರ ಮುಖ ನೋಡುತ್ತೀರಿ. ಹಾಗಾಗಿ ಇಲ್ಲಿ ದುಡ್ಡು ಬದಲಾಯಿಸುವಾಗಲೇ 5, 10, 20ರ ನೋಟುಗಳನ್ನು ಕೇಳಿ ತಗೊಳ್ಳಿ. ಒಂದು ಯುವಾನ್ ಅಂದರೆ ಹೆಚ್ಚುಕಮ್ಮಿ 12–13 ರೂಪಾಯಿ ಅಂತ ತಲೆಯಲ್ಲಿಟ್ಟುಕೊಳ್ಳಿ.

ಆದರೆ ಸುಲಭದ ದಾರಿ ಅಲಿಪೇ, ಫೋನಿನಲ್ಲಿ ದುಡ್ಡು ಕೊಡೋ ಚೀನಾದ ಆ್ಯಪ್. ನಮ್ಮ ಯುಪಿಐ ಅಲ್ಲಿ ನಡೆಯೋದಿಲ್ಲ, ಆದರೆ ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ನಿಮ್ಮ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡ್ ಸೇರಿಸಿದರೆ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು. 200 ಯುವಾನ್ ದಾಟಿದ ಬಿಲ್ಲಿಗೆ 3% ಹೆಚ್ಚುವರಿ ಹಿಡಿಯುತ್ತಾರೆ, ಅದರ ಕೆಳಗೆ ಇಲ್ಲ. ಇದನ್ನು ಮನೆಯಲ್ಲೇ ಮಾಡಿ ಅಂತ ಒತ್ತಿ ಹೇಳೋದಕ್ಕೆ ಎರಡು ಕಾರಣ ಇದೆ. ಒಂದು, ಕಾರ್ಡ್ ಸೇರಿಸುವಾಗ ಬ್ಯಾಂಕಿನ ಒಟಿಪಿ ಬೇಕಾಗಬಹುದು, ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಕೈಕೊಟ್ಟರೆ ಅಲ್ಲಿ ಕೂತು ಏನೂ ಮಾಡೋಕಾಗೋದಿಲ್ಲ. ಎರಡು, 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಆಗಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಅದನ್ನು ಆನ್ ಮಾಡಿ, ಮಿತಿ ಹಾಕಿಕೊಳ್ಳಬೇಕು. ರುಪೇ ಕಾರ್ಡ್ ಮಾತ್ರ ಇದ್ದರೆ ಬ್ಯಾಂಕಿಗೆ ಹೋಗಿ ಇನ್ನೊಂದು ಕಾರ್ಡ್ ಕೇಳಿ, ಈಗಲೇ. ಕಾರ್ಡ್ ಬರೋಕೆ ದಿನ ಹಿಡಿಯುತ್ತದೆ. ಅಲಿಪೇ ಒಳಗೇ ಟ್ಯಾಕ್ಸಿ ಕರೆಯೋ ದೀದಿ ಇದೆ, ಅನುವಾದ ಇದೆ, ಮೆಟ್ರೋ ಕೋಡ್ ಇದೆ. ಒಂದು ಆ್ಯಪ್ ಕಲಿತರೆ ಸಾಕು, ಹತ್ತು ಬೇಡ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಚೀನಾಕ್ಕೆ ವೀಸಾನೇ ಬೇಡ, 240 ಗಂಟೆ ಸುಮ್ನೆ ಇರಬಹುದು ಅನ್ನೋ ವಿಡಿಯೋಗಳು ಓಡಾಡುತ್ತಿವೆ. ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಮಗೆ ವೀಸಾ ಬೇಕೇ ಬೇಕು. ಏಜೆಂಟ್ ಹತ್ತಿರ ಒಂದು ಮಾತು ಕೇಳಿ: ನಮ್ಮದು ಒಬ್ಬೊಬ್ಬರ ಪಾಸ್‌ಪೋರ್ಟ್‌ನಲ್ಲಿ ಅಂಟಿಸೋ ವೀಸಾನಾ, ಇಲ್ಲಾ ಇಡೀ ಗುಂಪಿಗೆ ಒಂದೇ ಹಾಳೆಯ ವೀಸಾನಾ? ಗುಂಪಿನ ವೀಸಾ ಆದರೆ ಎಲ್ಲರೂ ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬರಬೇಕು. ಟೂರ್ ಮುಗಿದ ಮೇಲೆ ಎರಡು ದಿನ ಉಳಿದುಕೊಂಡು ಬರುತ್ತೇವೆ ಅಂದರೆ ಆಗೋದಿಲ್ಲ. ಬರುವಾಗ ಹಾಂಗ್‌ಕಾಂಗ್‌ನಲ್ಲಿ ಇಳಿದು ಊರು ನೋಡೋ ಆಸೆ ಇದ್ದರೆ ಅದಕ್ಕೆ ಬೇರೆಯದೇ ಆನ್‌ಲೈನ್ ನೋಂದಣಿ ಮಾಡಿಸಬೇಕು, ಚೀನಾ ವೀಸಾ ಅಲ್ಲಿ ನಡೆಯೋದಿಲ್ಲ.

ನೀವು ಆರಿಸಿದ ಸಮಯ ಚೆನ್ನಾಗಿದೆ. ಅಕ್ಟೋಬರ್ 1ರಿಂದ ಅಲ್ಲಿಯ ರಾಷ್ಟ್ರೀಯ ರಜೆ, ಆ ವಾರ ಇಡೀ ಚೀನಾವೇ ಬೀಜಿಂಗ್ ನೋಡೋಕೆ ಬಂದಿರುತ್ತದೆ. ಕೊನೆಯ ವಾರಕ್ಕೆ ಆ ಜಾತ್ರೆ ಮುಗಿದಿರುತ್ತದೆ, ಮರದ ಎಲೆ ಹಳದಿ ಕೆಂಪಾಗಿರುತ್ತವೆ. ಆದರೆ ಚಳಿ. ಹಗಲು ಬಿಸಿಲಿದ್ದರೂ ಬೆಳಗ್ಗೆ ಸಂಜೆ ನಮ್ಮ ದಾವಣಗೆರೆ ಸ್ವೆಟರ್ ಸಾಲದು. ಬೀಜಿಂಗ್‌ನಲ್ಲಿ ಮನೆಗಳಿಗೆ ಸರ್ಕಾರದ ಹೀಟಿಂಗ್ ಶುರುವಾಗೋದೇ ನವೆಂಬರ್ 15ಕ್ಕೆ. ಅದಕ್ಕೂ ಮುಂಚಿನ ವಾರಗಳಲ್ಲಿ ಕೆಲವು ಹೋಟೆಲ್ ರೂಮು ತಣ್ಣಗೇ ಇರುತ್ತವೆ. ಉಲ್ಲನ್ ಒಳ ಅಂಗಿ, ಕಿವಿ ಮುಚ್ಚೋ ಟೋಪಿ, ತುಟಿಗೆ ಹಚ್ಚಿಕೊಳ್ಳೋಕೆ ಏನಾದರೂ ಇರಲಿ, ಗಾಳಿ ತುಂಬಾ ಒಣ.

ಈಗ ನಿಮ್ಮ ಮಂಡಿಯ ವಿಷಯ. ಟೂರ್‌ನವರು ಕೊಟ್ಟ ದಿನವಾರು ಪಟ್ಟಿಯಲ್ಲಿ 'ಗ್ರೇಟ್ ವಾಲ್' ಅಂತ ಮಾತ್ರ ಇದ್ದರೆ ಅದು ಸಾಲದು. ಯಾವ ಗ್ರೇಟ್ ವಾಲ್ ಅಂತ ಕೇಳಿ. ಬೀಜಿಂಗ್ ಸುತ್ತ ಜನ ನೋಡೋಕೆ ಹೋಗೋ ಗೋಡೆಯ ಭಾಗಗಳು ಹಲವು ಇವೆ. ಬಾದಾಲಿಂಗ್ ಎಲ್ಲಕ್ಕಿಂತ ಹೆಸರುವಾಸಿ, ಊರಿನಿಂದ ಸುಮಾರು 70 ಕಿಲೋಮೀಟರ್, ಜನ ಜಾಸ್ತಿ, ಕೇಬಲ್ ಕಾರ್ ಇದೆ. ಮುಟಿಯಾನ್‌ಯು ಕೂಡ ಹೆಚ್ಚುಕಮ್ಮಿ ಅಷ್ಟೇ ದೂರ, ಜನ ಕಡಿಮೆ, ಸುತ್ತಲೂ ಕಾಡು, ಅಲ್ಲೂ ಕೇಬಲ್ ಕಾರ್ ಇದೆ. ಮೂರನೆಯದು ಜುಯೊಂಗ್‌ಗುವಾನ್. ಅದು ಊರಿಗೆ ಹತ್ತಿರ, ಹಾಗಾಗಿ ಹೊತ್ತು ಉಳಿಸಿ ಅಂಗಡಿಗೆ ಕರೆದುಕೊಂಡು ಹೋಗೋ ಟೂರ್‌ಗಳಿಗೆ ಇಷ್ಟ. ಅಲ್ಲಿ ಕೇಬಲ್ ಕಾರ್ ಇಲ್ಲ, ಮೆಟ್ಟಿಲು ಕಡಿದು. ನಿಮ್ಮ ಮಂಡಿಗೆ ಮುಟಿಯಾನ್‌ಯು ಸರಿ, ಬಾದಾಲಿಂಗ್ ಆದರೂ ಪರವಾಗಿಲ್ಲ. ಕೇಬಲ್ ಕಾರ್ ಟಿಕೆಟ್ ಪ್ಯಾಕೇಜ್‌ನಲ್ಲಿ ಸೇರಿದೆಯಾ, ಹೋಗೋಕೂ ಬರೋಕೂ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಒಂದು ಕಡೆಗೆ ಮಾತ್ರ ಕೊಟ್ಟು ಇಳಿಯೋದು ಸುಲಭ ಅನ್ನುವವರಿದ್ದಾರೆ. ಮಂಡಿ ನೋವಿರುವವರಿಗೆ ಇಳಿಯೋದೇ ಕಷ್ಟ ಅಂತ ನಿಮಗೇ ಗೊತ್ತು.

ಗೋಡೆಯ ಮೇಲೆ ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ. ಒಂದು ಗೇಣುದ್ದ ಇದ್ದರೆ ಮುಂದಿನದು ಮಂಡಿಯುದ್ದ. ಕೈಯಲ್ಲಿ ಮಡಚುವ ಕೋಲು ಇರಲಿ. ಇಳಿಯುವಾಗ ಅಡ್ಡಡ್ಡಲಾಗಿ ಒಂದೊಂದೇ ಹೆಜ್ಜೆ ಇಟ್ಟು, ಒಂದು ಕೈ ಗೋಡೆ ಮೇಲಿಟ್ಟು ಇಳಿಯಿರಿ. ಎಲ್ಲರೂ ಮೇಲಿನ ಬುರುಜಿಗೆ ಹೋಗುತ್ತಾರೆ ಅಂತ ನೀವೂ ಹೋಗಬೇಕಾಗಿಲ್ಲ. ಕೇಬಲ್ ಕಾರ್ ಇಳಿದ ಜಾಗದಿಂದ ಒಂದು ಬುರುಜು ದಾಟಿ ಕೂತರೂ ಗೋಡೆ ಬೆಟ್ಟದ ಬೆನ್ನ ಮೇಲೆ ಹತ್ತಿ ಇಳಿದು ಮರೆಯಾಗೋದು ಚೆನ್ನಾಗಿ ಕಾಣುತ್ತದೆ. ಅಕಸ್ಮಾತ್ ನಿಮ್ಮನ್ನು ಜುಯೊಂಗ್‌ಗುವಾನ್‌ಗೇ ಕರೆದುಕೊಂಡು ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ಹತ್ತಲೂ ಬೇಡಿ. ಕೆಳಗೆ ಬಿಳಿ ಕಲ್ಲಿನ ಒಂದು ಕಮಾನು ವೇದಿಕೆ ಇದೆ, ಯುನ್‌ತಾಯ್ ಅಂತ. 1342ರಿಂದ 1345ರ ನಡುವೆ ಮಂಗೋಲ್ ದೊರೆಗಳ ಕಾಲದಲ್ಲಿ ಕಟ್ಟಿದ್ದು. ಕಮಾನಿನ ಒಳಗೋಡೆಯಲ್ಲಿ ಧಾರಣಿ ಅನ್ನೋ ಬೌದ್ಧ ಮಂತ್ರಗಳನ್ನು ಆರು ಲಿಪಿಗಳಲ್ಲಿ ಕೆತ್ತಿದ್ದಾರೆ. ಅದರಲ್ಲಿ ಒಂದು ಸಂಸ್ಕೃತ, ರಂಜನಾ ಲಿಪಿಯಲ್ಲಿ. ಮೇಲೆ ಹತ್ತಿದವರು ಬೆವರಿಳಿಸಿಕೊಂಡು ಬರುವ ಹೊತ್ತಿಗೆ ನೀವು ಚೀನಾ ಗೋಡೆಯ ಬುಡದಲ್ಲಿ ಸಂಸ್ಕೃತ ಶಾಸನ ನೋಡಿರುತ್ತೀರಿ. ಗೈಡ್‌ಗಳು ಇದನ್ನು ತೋರಿಸೋದು ಅಪರೂಪ, ನೀವೇ ಕೇಳಬೇಕು.

ಎರಡನೆಯ ದೊಡ್ಡ ನಡಿಗೆ ಫರ್ಬಿಡನ್ ಸಿಟಿ, ಅಂದರೆ ಹಳೆಯ ಅರಮನೆ. ಅದು ಸೋಮವಾರ ರಜೆ, ನಿಮ್ಮ ಪಟ್ಟಿಯಲ್ಲಿ ಯಾವ ವಾರ ಬಂದಿದೆ ನೋಡಿಕೊಳ್ಳಿ. ಟಿಕೆಟನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಕಾಯ್ದಿರಿಸಿರುತ್ತಾರೆ. ಅಸಲಿ ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಬಂದರೆ ಬಾಗಿಲಲ್ಲೇ ನಿಲ್ಲುತ್ತೀರಿ. ಪಕ್ಕದ ತಿಯಾನನ್‌ಮೆನ್ ಚೌಕಕ್ಕೂ ಹಾಗೇ, ಪಾಸ್‌ಪೋರ್ಟ್ ತೋರಿಸಿ, ಬ್ಯಾಗ್ ಸ್ಕ್ಯಾನ್ ಮಾಡಿಸಿಯೇ ಒಳಗೆ. ಅರಮನೆ ಉತ್ತರ ದಕ್ಷಿಣ 961 ಮೀಟರ್ ಉದ್ದ. ಒಂದು ಕಿಲೋಮೀಟರ್ ತಾನೇ ಅಂತ ಅನ್ನಿಸುತ್ತದೆ. ಆದರೆ ಬಸ್ ಇಳಿದ ಜಾಗದಿಂದ ಚೌಕ, ಚೌಕದಿಂದ ತಪಾಸಣೆ ಸಾಲು, ಅಲ್ಲಿಂದ ಅರಮನೆಯ ಬಾಗಿಲು, ಒಳಗೆ ಅಂಗಳದಿಂದ ಅಂಗಳಕ್ಕೆ, ಹೊರಬಂದ ಮೇಲೆ ಬಸ್ ನಿಂತ ಜಾಗಕ್ಕೆ, ಎಲ್ಲ ಸೇರಿ ಅರ್ಧ ದಿನ ಕಾಲಿನ ಮೇಲೇ ಇರುತ್ತೀರಿ. ದೊಡ್ಡ ಅಂಗಳಗಳಲ್ಲಿ ಒಂದು ಮರ ಇಲ್ಲ. ಹೊಸಿಲುಗಳು ಎತ್ತರ, ಕಾಲೆತ್ತಿ ದಾಟಬೇಕು, ಫೋನ್ ನೋಡಿಕೊಂಡು ನಡೆದರೆ ಮುಗ್ಗರಿಸೋದು ಖಂಡಿತ.

ನಿಮ್ಮ 'ತಪ್ಪಿಸಿಕೊಂಡರೆ' ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಜನ ಜಾಸ್ತಿ ತಪ್ಪಿಸಿಕೊಳ್ಳೋದು ಇದೇ ಅರಮನೆಯಲ್ಲಿ. ಎಲ್ಲ ಗೈಡ್‌ಗಳ ಬಾವುಟವೂ ಒಂದೇ ಥರ, ಟೋಪಿಯೂ ಒಂದೇ ಥರ. ಆದರೆ ಇಲ್ಲಿ ಗುಂಪುಗಳು ನಡೆಯೋ ದಿಕ್ಕು ಒಂದೇ, ದಕ್ಷಿಣದ ಬಾಗಿಲಿನಿಂದ ಒಳಗೆ, ಉತ್ತರದ ಶೆನ್‌ವು ಬಾಗಿಲಿನಿಂದ ಹೊರಗೆ. ಗುಂಪು ಕಾಣದಿದ್ದರೆ ಹಿಂದಕ್ಕೆ ಹುಡುಕಿಕೊಂಡು ಹೋಗಬೇಡಿ. ಮೊದಲು ನಿಂತಲ್ಲೇ ನಿಂತು ಫೋನ್ ಮಾಡಿ. ಸಿಗದಿದ್ದರೆ ನಡು ಸಾಲಿನಲ್ಲೇ ಉತ್ತರಕ್ಕೆ ನಡೆದು ಆ ಬಾಗಿಲಿನ ಹತ್ತಿರ ಕಾಯಿರಿ. ಹೊರಗೆ ಎದುರಿಗೇ ಜಿಂಗ್‌ಶಾನ್ ಅನ್ನೋ ಗುಡ್ಡ ಕಾಣುತ್ತದೆ, ಅರಮನೆಯ ಕಂದಕ ತೋಡಿದ ಮಣ್ಣಿನಲ್ಲಿ ಮಾಡಿದ್ದು. ಗುರುತಿಗೆ ಅದಕ್ಕಿಂತ ಒಳ್ಳೆಯದು ಬೇಡ. ಬೇರೆ ಜಾಗಗಳಲ್ಲಿ ಬಸ್ ಇಳಿದ ಕೂಡಲೇ ಗೈಡ್‌ನ ಒಂದು ಪ್ರಶ್ನೆ ಕೇಳಿಬಿಡಿ: ತಪ್ಪಿಹೋದರೆ ಎಲ್ಲಿ ನಿಲ್ಲಬೇಕು? ಹೋಟೆಲಿನ ಕಾರ್ಡು, ಚೀನೀ ಅಕ್ಷರದಲ್ಲಿ ವಿಳಾಸ ಇರೋದು, ಇಬ್ಬರ ಹತ್ತಿರವೂ ಇರಲಿ. ಅದರ ಫೋಟೋನೂ ಫೋನಿನಲ್ಲಿರಲಿ. ತೀರಾ ಯಾರೂ ಸಿಗದಿದ್ದರೆ ಆ ಕಾರ್ಡನ್ನು ಟ್ಯಾಕ್ಸಿಯವರಿಗೆ ತೋರಿಸಿ ಹೋಟೆಲಿಗೆ ಹೋಗಿ ಕಾಫಿ ಮಾಡಿಕೊಂಡು ಕುಡಿಯಿರಿ, ಗುಂಪು ಸಂಜೆ ಅಲ್ಲಿಗೇ ಬರುತ್ತದೆ. ಪೊಲೀಸ್ 110, ಆಂಬುಲೆನ್ಸ್ 120. ಹೋಟೆಲಿಗೆ ಹೋಗುವಾಗ ಗೈಡ್‌ಗೆ ಒಂದು ಮೆಸೇಜ್ ಹಾಕಿ, ಇಲ್ಲದಿದ್ದರೆ ಪಾಪ ಆತ ಅಲ್ಲೇ ಓಡಾಡುತ್ತಿರುತ್ತಾನೆ.

ಅರಮನೆಯ ಒಳಗೆ ಒಂದು ವಸ್ತುವನ್ನು ಮಾತ್ರ ಬಿಡಬೇಡಿ. ಮೂರು ದೊಡ್ಡ ಸಭಾಂಗಣ ದಾಟಿದ ಮೇಲೆ ಕೊನೆಯದರ ಹಿಂಭಾಗದಲ್ಲಿ ಮೆಟ್ಟಿಲುಗಳ ನಡುವೆ ಮಲಗಿಸಿದ ಒಂದೇ ಕಲ್ಲು ಇದೆ, 16 ಮೀಟರ್‌ಗಿಂತ ಉದ್ದ, 200 ಟನ್‌ಗಿಂತ ಭಾರ, ಮೈತುಂಬ ಡ್ರ್ಯಾಗನ್ ಮತ್ತು ಮೋಡ. ಇದನ್ನು ಸುಮಾರು 70 ಕಿಲೋಮೀಟರ್ ದೂರದ ಗಣಿಯಿಂದ ಚಳಿಗಾಲದಲ್ಲಿ ತಂದರು. ದಾರಿಯುದ್ದಕ್ಕೂ ನೀರು ಸುರಿದು ಹೆಪ್ಪುಗಟ್ಟಿಸಿ, ಆ ಐಸಿನ ಮೇಲೆ ಜಾರಿಸಿಕೊಂಡು. ಗುಂಪು ಮುಂದಿನಿಂದ ಸಿಂಹಾಸನ ನೋಡಿ ಪಕ್ಕದಿಂದ ಹೋಗಿಬಿಡುತ್ತದೆ, ಹಿಂದೆ ತಿರುಗಿದರೇನೇ ಇದು ಕಾಣೋದು.

ಇನ್ನು ಹೊಟ್ಟೆ. ಭಾರತದಿಂದ ಹೋಗೋ ಗುಂಪುಗಳಿಗೆ ರಾತ್ರಿ ಊಟ ಸಾಮಾನ್ಯವಾಗಿ ಇಂಡಿಯನ್ ರೆಸ್ಟೋರೆಂಟ್‌ನಲ್ಲೇ ಇರುತ್ತದೆ. ದಾಲ್, ಆಲೂ, ಅನ್ನ, ರೊಟ್ಟಿ. ದಿನವೂ ಅದೇ, ಆದರೆ ಹೊಟ್ಟೆ ತುಂಬುತ್ತದೆ. ಕಷ್ಟ ಬರೋದು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಚೀನೀ ಊಟದಲ್ಲಿ. ಬೆಳಗ್ಗೆ ಬಫೆಯಲ್ಲಿ ಬಿಳಿ ಗಂಜಿ, ಹಣ್ಣು, ಸೋಯಾ ಹಾಲು, ಒಳಗೆ ಏನೂ ತುಂಬದ ಹಬೆಯ ಬನ್ನು ಸಿಗುತ್ತವೆ, ಬನ್ನಿನ ಹೆಸರು ಮಂಟೋ. ನೋಡೋಕೆ ಹಾಗೇ ಇದ್ದು ಮೇಲೆ ನೆರಿಗೆ ಇದ್ದರೆ ಅದು ಬಾವ್‌ಜ, ಒಳಗೆ ಹೆಚ್ಚಾಗಿ ಹಂದಿ ಮಾಂಸ. ನೆರಿಗೆ ಕಂಡರೆ ಬಿಡಿ.

ಮಧ್ಯಾಹ್ನ ದುಂಡು ಮೇಜಿನ ಮೇಲೆ ತಿರುಗೋ ಗಾಜಿನ ತಟ್ಟೆಯಲ್ಲಿ ಒಂದೊಂದೇ ಪದಾರ್ಥ ತಂದಿಡುತ್ತಾರೆ. 'ವೆಜಿಟೇರಿಯನ್' ಅಂತ ಹೇಳಿದ್ದೇವೆ ಅಂತ ನೆಚ್ಚಿಕೊಳ್ಳಬೇಡಿ. ಮಾಂಸದ ಚೂರು ಕಾಣದಿದ್ದರೆ ಅದು ಸಸ್ಯಾಹಾರ ಅನ್ನೋ ಅಡುಗೆಯವರು ಇದ್ದಾರೆ. ಬೀನ್ಸ್ ಪಲ್ಯದಲ್ಲಿ ಹಂದಿ ಕೈಮಾ ಉದುರಿಸಿರುತ್ತಾರೆ, ಸೊಪ್ಪಿಗೆ ಆಯ್ಸ್ಟರ್ ಸಾಸ್ (ಚಿಪ್ಪುಮೀನಿನದು), ಸೂಪಿಗೆ ಕೋಳಿ ಪುಡಿ. ಹಾಗಾಗಿ ಗೈಡ್ ಹತ್ತಿರ ಮೊದಲ ದಿನವೇ ಒಂದು ಚೀಟಿ ಚೀನೀ ಅಕ್ಷರದಲ್ಲಿ ಬರೆಸಿಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಮಾಂಸದ ಸಾರು, ಆಯ್ಸ್ಟರ್ ಸಾಸ್ ಯಾವುದೂ ಬೇಡ ಅಂತ. ಅದನ್ನೇ ತೋರಿಸಿ. ನಿಮಗೆ ಹೊಂದುವ ಎರಡು ಹೆಸರು: ದಿ ಸಾನ್ ಶಿಯಾನ್, ಅಂದರೆ ಆಲೂಗಡ್ಡೆ ಬದನೆ ದೊಣ್ಣೆಮೆಣಸು ಹುರಿದದ್ದು. ಇನ್ನೊಂದು ತೆಳ್ಳಗೆ ಹೆರೆದ ಹುಳಿ ಖಾರದ ಆಲೂಗಡ್ಡೆ, ಅರ್ಧ ಬೆಂದಂತೆ ಕರಕರ ಇರುತ್ತದೆ, ಅದು ಅವರ ಕ್ರಮ, ಬೇಯಿಸಿಲ್ಲ ಅಂತ ವಾಪಸ್ ಕಳಿಸಬೇಡಿ. ಬೌದ್ಧ ಸಸ್ಯಾಹಾರಿ ಹೋಟೆಲು ಸಿಕ್ಕರೆ ಇನ್ನೂ ನೆಮ್ಮದಿ, ಸಾಮಾನ್ಯವಾಗಿ ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಆದರೆ ತಟ್ಟೆಯಲ್ಲಿ ಇಡೀ ಮೀನಿನ ಆಕಾರದಲ್ಲಿ ತೋಫು ಬಂದರೆ ಗಾಬರಿ ಬೇಡ.

ಬೀದಿಯಲ್ಲಿ ತಿನ್ನೋಕೆ ಆ ಚಳಿಗೆ ಎರಡು ಪದಾರ್ಥ ಇವೆ, ಎರಡೂ ನಿಮಗೆ ನಡೆಯುತ್ತವೆ. ಡ್ರಮ್ಮಿನಲ್ಲಿ ಸುಟ್ಟ ಸಿಹಿಗೆಣಸು, ಸಿಪ್ಪೆ ಕಪ್ಪಾಗಿ ಒಳಗೆ ಜೇನಿನ ಹಾಗೆ ಅಂಟಂಟಾಗಿರುತ್ತದೆ. ಇನ್ನೊಂದು ಮರಳಿನಲ್ಲಿ ಹುರಿದ ಚೆಸ್ಟ್‌ನಟ್, ಕಾಗದದ ಚೀಲದಲ್ಲಿ ಬಿಸಿಬಿಸಿ ಕೊಡುತ್ತಾರೆ. ಒಂದು ಚೀಲ ಕೈಯಲ್ಲಿದ್ದರೆ ಊಟ ತಡವಾದರೂ ಚಿಂತೆ ಇಲ್ಲ. ಮನೆಯಿಂದ ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಒಗ್ಗರಣೆ ಹಾಕಿದ ಅವಲಕ್ಕಿ ಧಾರಾಳವಾಗಿ ಒಯ್ಯಿರಿ. ಹಣ್ಣು, ತರಕಾರಿ, ಬೀಜ, ಹಾಲು ಬೆಣ್ಣೆ ತುಪ್ಪದ ಪದಾರ್ಥ ಮಾತ್ರ ಬೇಡ, ಕಸ್ಟಮ್ಸ್‌ನಲ್ಲಿ ಎತ್ತಿಟ್ಟುಕೊಳ್ಳುತ್ತಾರೆ. ಬಿಸಿನೀರಿಗೆ ಬರ ಇಲ್ಲ. ರೂಮಿನಲ್ಲಿ ಕೆಟಲ್, ಸ್ಟೇಷನ್‌ನಲ್ಲಿ ರೈಲಿನಲ್ಲಿ ಬಿಸಿನೀರಿನ ನಲ್ಲಿ. ಉಪ್ಪಿಟ್ಟಿನ ಕಪ್, ಫಿಲ್ಟರ್ ಕಾಫಿ ಡಿಕಾಕ್ಷನ್ ಪ್ಯಾಕೆಟ್ ಇದ್ದರೆ ನೀವು ಗೆದ್ದಿರಿ. ನಲ್ಲಿ ನೀರನ್ನು ಹಾಗೇ ಕುಡಿಯಬೇಡಿ. ಟಾಯ್ಲೆಟ್‌ಗಳು ಬಹಳ ಕಡೆ ಕುಕ್ಕರಗಾಲಲ್ಲಿ ಕೂತುಕೊಳ್ಳೋ ನಮ್ಮ ಥರದ್ದೇ, ಮಂಡಿಗೆ ತೊಂದರೆ ಆಗುವುದರಿಂದ ಅಂಗವಿಕಲರ ಗುರುತಿರುವ ಬಾಗಿಲು ನೋಡಿ, ಅಲ್ಲಿ ಕಮೋಡ್ ಇರುತ್ತದೆ. ನೀರಿನ ಪೈಪು ಇರೋದಿಲ್ಲ, ಕಾಗದವೂ ಎಷ್ಟೋ ಕಡೆ ಇರೋದಿಲ್ಲ. ಟಿಶ್ಯೂ ಮತ್ತು ಒಂದು ಖಾಲಿ ಬಾಟಲಿ ಕೈಚೀಲದಲ್ಲಿ ಸದಾ ಇರಲಿ.

ಈಗ ಏಜೆಂಟ್ ನಿಮಗೆ ಹೇಳದೇ ಇರಬಹುದಾದ ಭಾಗ: ಅಂಗಡಿಗಳು. ಜೇಡ್ ಅನ್ನೋ ಹಸಿರು ಕಲ್ಲಿನ ಕಾರ್ಖಾನೆ, ರೇಷ್ಮೆ ಕಾರ್ಖಾನೆ, ಮುತ್ತಿನ ಅಂಗಡಿ, ಟೀ ಮನೆ, ಚೀನೀ ಔಷಧದ ಕೇಂದ್ರ. ಪಟ್ಟಿಯಲ್ಲಿ 'ಭೇಟಿ' ಅಂತ ಬರೆದಿದ್ದರೂ ಇವೆಲ್ಲ ವ್ಯಾಪಾರವೇ. ಗೋಡೆ ನೋಡೋಕೆ ಹೋಗೋ ದಾರಿಯಲ್ಲಿ ಊಟಕ್ಕೆ ನಿಲ್ಲಿಸುತ್ತಾರೆ, ಊಟದ ಕೋಣೆ ಮಹಡಿ ಮೇಲೆ, ಅಲ್ಲಿಗೆ ಹೋಗೋ ದಾರಿ ಜೇಡ್ ಬಳೆಗಳ ಗಾಜಿನ ಪೆಟ್ಟಿಗೆಗಳ ನಡುವೆ. ಔಷಧ ಕೇಂದ್ರದಲ್ಲಿ ಮೊದಲು ಬಿಸಿನೀರಿನಲ್ಲಿ ಕಾಲು ತೊಳೆಯುತ್ತಾರೆ. ದಿನವಿಡೀ ನಡೆದ ಕಾಲಿಗೆ ಸ್ವರ್ಗ. ಅಷ್ಟರಲ್ಲಿ ಬಿಳಿ ಕೋಟಿನವರೊಬ್ಬರು ಬಂದು ನಾಡಿ ಹಿಡಿದು, ನಾಲಿಗೆ ನೋಡಿ, ಕಿಡ್ನಿ ವೀಕು, ಲಿವರ್ ವೀಕು, ಮೂರು ತಿಂಗಳ ಔಷಧಿ ತಗೊಳ್ಳಿ ಅನ್ನುತ್ತಾರೆ. ಮಂಡಿ ನೋವು ಅಂತ ನೀವು ಬಾಯಿ ಬಿಟ್ಟರೆ ಮುಗಿಯಿತು. ಕಾಲು ತೊಳೆಸಿಕೊಳ್ಳಿ, ಔಷಧಿ ಬೇಡ ಅನ್ನಿ, ಇಲ್ಲಿಯ ಡಾಕ್ಟರ್ ಕೊಡೋ ಮಾತ್ರೆ ಜೊತೆ ಅದು ಏನು ಮಾಡುತ್ತೋ ಯಾರು ಬಲ್ಲರು.

ಗೈಡ್‌ಗಳ ಮೇಲೆ ಕೋಪ ಬೇಡ. ಟೂರಿನ ಬೆಲೆ ತೀರಾ ಕಡಿಮೆ ಇದ್ದರೆ ಆ ಕಡಿತ ಅಂಗಡಿಯ ಕಮಿಷನ್‌ನಿಂದಲೇ ತುಂಬೋದು. ಚೀನಾದವರಿಗೂ ಇದು ತಲೆನೋವಾಗಿಯೇ 2013ರ ಅಕ್ಟೋಬರ್ 1ರಿಂದ ಪ್ರವಾಸೋದ್ಯಮ ಕಾನೂನು ತಂದರು. ಅಗ್ಗದ ಟೂರ್ ತೋರಿಸಿ ಕರೆದು ಅಂಗಡಿಯಿಂದ ಕಮಿಷನ್ ಹೊಡೆಯೋ ಹಾಗಿಲ್ಲ ಅಂತ ಅದರ 35ನೇ ಕಲಮು ಹೇಳುತ್ತದೆ. ಹಾಗೆ ಮಾಡಿದರೆ ಪ್ರವಾಸ ಮುಗಿದ 30 ದಿನದೊಳಗೆ ಮಾಲು ಹಿಂದಿರುಗಿಸೋ ಹಕ್ಕೂ ಪ್ರವಾಸಿಗೆ ಇದೆ. ಆದರೆ ದಾವಣಗೆರೆಯಲ್ಲಿ ಕೂತು ಬೀಜಿಂಗ್‌ಗೆ ಬಳೆ ವಾಪಸ್ ಕಳಿಸೋದು ಆಗೋ ಮಾತಾ? ಹಾಗಾಗಿ ಕೊಳ್ಳುವಾಗಲೇ ಎಚ್ಚರ. ಹೊರಡೋ ಮುಂಚೆ ಏಜೆಂಟ್‌ಗೆ ಒಂದೇ ಸಾಲಿನ ಮೇಲ್ ಹಾಕಿ: ಅಂಗಡಿ ಭೇಟಿ ಎಷ್ಟು, ಒಂದೊಂದರಲ್ಲಿ ಎಷ್ಟು ಹೊತ್ತು? ಜೊತೆಗೆ ಟಿಪ್ಸ್ ವಿಷಯವೂ ಕೇಳಿ. ಚೀನಾದಲ್ಲಿ ಟಿಪ್ಸ್ ಕೊಡೋ ರೂಢಿ ಇಲ್ಲ, ಆದರೆ ಗ್ರೂಪ್ ಟೂರ್‌ಗಳಲ್ಲಿ ಗೈಡ್‌ಗೆ ಡ್ರೈವರ್‌ಗೆ ದಿನಕ್ಕಿಷ್ಟು ಅಂತ ಕಡ್ಡಾಯವಾಗಿ ವಸೂಲಿ ಮಾಡೋದು ಉಂಟು.

ಬಿಡುವಿನ ಸಂಜೆ ವಾಂಗ್‌ಫುಜಿಂಗ್ ಕಡೆಗೋ, ಶಾಂಘೈನ ನಾನ್‌ಜಿಂಗ್ ರಸ್ತೆಗೋ ಹೋದಾಗ ಚೆನ್ನಾಗಿ ಇಂಗ್ಲಿಷ್ ಮಾತಾಡೋ ಹುಡುಗ ಹುಡುಗಿಯರು ತಾವಾಗಿ ಬಂದು, ಎಲ್ಲಿಂದ ಬಂದಿರಿ, ಬನ್ನಿ ಚೀನೀ ಟೀ ತೋರಿಸುತ್ತೇವೆ ಅಂದರೆ ನಕ್ಕು ಮುಂದೆ ನಡೆಯಿರಿ. ಹಳೆಯ ಆಟ. ಒಳಗೆ ಕೂತು ನಾಲ್ಕು ಥರ ಟೀ ರುಚಿ ನೋಡಿದ ಮೇಲೆ ಸಾವಿರಾರು ಯುವಾನ್ ಬಿಲ್ಲು ಬರುತ್ತದೆ. ಹಾಗಂತ ಮಾತಾಡಿಸಿದವರೆಲ್ಲ ಮೋಸಗಾರರಲ್ಲ. ನಿಮ್ಮ ಸೀರೆ ನೋಡಿ ಫೋಟೋ ಕೇಳುವವರು, ಆಮೀರ್ ಖಾನ್ ಹೆಸರು ಹೇಳಿ ಹೆಬ್ಬೆರಳು ಎತ್ತುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲಿಗಾದರೂ ಬನ್ನಿ ಅಂತ ಕರೆದಾಗ ಮಾತ್ರ ಬೇಡ.

ನನ್ನ ಒಂದು ಒತ್ತಾಯ ಏನಂದರೆ ಒಂದು ಬೆಳಗ್ಗೆ ಗುಂಪು ಬಿಟ್ಟು ನೀವಿಬ್ಬರೇ ಹೋಗಿ. ತಿಯಾನ್‌ತಾನ್, ಅಂದರೆ ಟೆಂಪಲ್ ಆಫ್ ಹೆವನ್ ಪಾರ್ಕಿಗೆ. ಅದು ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಆದರೆ ಬಸ್ ಹೋಗೋದು ಹತ್ತು ಗಂಟೆ ಮೇಲೆ. ಪಾರ್ಕ್ ಬೆಳಗ್ಗೆ ಬೇಗ ತೆರೆಯುತ್ತದೆ, 7 ಗಂಟೆಗೆ ಅಲ್ಲಿರಿ. ಮೆಟ್ರೋ 5ನೇ ಲೈನಿನಲ್ಲಿ ತಿಯಾನ್‌ತಾನ್ ದೋಂಗ್‌ಮೆನ್ ಸ್ಟೇಷನ್, ಹೊರಗೆ ಬಂದರೆ ಪೂರ್ವದ ಬಾಗಿಲು. ಟ್ಯಾಕ್ಸಿ ಆದರೂ ಸರಿ. ಒಳಗೆ ನಿಮ್ಮ ವಯಸ್ಸಿನವರದ್ದೇ ರಾಜ್ಯ. ಉದ್ದನೆಯ ಪಡಸಾಲೆಯಲ್ಲಿ ಇಸ್ಪೀಟ್ ಆಡುವವರು, ಎಲೆ ಬಿಸಾಡಿ ಜಗಳ ಆಡುವವರು, ಪಕ್ಕದಲ್ಲಿ ಸ್ವೆಟರ್ ಹೆಣೆಯುವ ಹೆಂಗಸರು. ಗರಿ ಕಟ್ಟಿದ ಬಿಲ್ಲೆಯನ್ನು ನೆಲಕ್ಕೆ ಬೀಳದಂತೆ ಕಾಲಲ್ಲೇ ಒಬ್ಬರಿಂದೊಬ್ಬರಿಗೆ ಒದೆಯೋ ಅಜ್ಜಂದಿರು. ನಿಂತು ನೋಡಿದರೆ ನಿಮ್ಮ ಕಡೆಗೂ ಒಂದು ಒದೆಯುತ್ತಾರೆ. ಮಂಡಿ ನೋವು ಅಂತ ಯಜಮಾನರನ್ನು ಮುಂದೆ ಬಿಡಿ.

ಪ್ರಾರ್ಥನಾ ಮಂದಿರವನ್ನು ಆಮೇಲೆ ಗುಂಪಿನ ಜೊತೆ ನೋಡಿದರಾಯಿತು. 38 ಮೀಟರ್ ಎತ್ತರ, 28 ಮರದ ಕಂಬ: ನಡುವಿನ ನಾಲ್ಕು ಋತುಗಳಿಗೆ, ಆಚೆಯ ಹನ್ನೆರಡು ತಿಂಗಳಿಗೆ, ಅದರಾಚೆಯ ಹನ್ನೆರಡು ದಿನದ ಹೊತ್ತುಗಳಿಗೆ. 1420ರದ್ದು ಅನ್ನುತ್ತಾರೆ, ಆದರೆ 1889ರಲ್ಲಿ ಸಿಡಿಲು ಹೊಡೆದು ಸುಟ್ಟುಹೋಯಿತು, ನೀವು ನೋಡೋದು ಅದಾದ ಮೇಲೆ ಕಟ್ಟಿದ್ದು. ಇದೇ ಆವರಣದಲ್ಲಿ 1900ರಲ್ಲಿ ಬ್ರಿಟಿಷ್ ಸೇನೆ ಬಿಡಾರ ಹೂಡಿತ್ತು. ಆ ಸೇನೆಯಲ್ಲಿ ನಮ್ಮ ಸಿಖ್, ರಜಪೂತ ಸಿಪಾಯಿಗಳು ಬಹಳ ಜನ ಇದ್ದರು. ಗೈಡ್ ಈ ಕಥೆ ಹೇಳೋದಿಲ್ಲ, ನೀವೂ ಜೋರಾಗಿ ಹೇಳಬೇಡಿ. ಹಾಗೇ ಗಡಿ ವಿಷಯ, ಭೂಪಟದ ವಿಷಯ ಯಾರ ಹತ್ತಿರವೂ ಎತ್ತಬೇಡಿ. ಭಾರತದ ನಕ್ಷೆ ಇರೋ ಪುಸ್ತಕ, ಡೈರಿ, ಟೀ ಶರ್ಟು ಮನೆಯಲ್ಲೇ ಬಿಡಿ, ಅಲ್ಲಿಯ ಕಸ್ಟಮ್ಸ್‌ನವರಿಗೆ ನಕ್ಷೆ ಅಂದರೆ ಬಹಳ ಸೂಕ್ಷ್ಮ.

ಶಾಂಘೈ ರೈಲು ಬೀಜಿಂಗ್ ದಕ್ಷಿಣ ಸ್ಟೇಷನ್‌ನಿಂದ ಹೊರಡುತ್ತದೆ. 1,318 ಕಿಲೋಮೀಟರ್, ವೇಗದ ರೈಲಿಗೆ ಸುಮಾರು ನಾಲ್ಕೂವರೆ ಗಂಟೆ. ಪಾಸ್‌ಪೋರ್ಟೇ ಟಿಕೆಟ್. ಸ್ಟೇಷನ್ ಏರ್‌ಪೋರ್ಟಿನಷ್ಟು ದೊಡ್ಡದು, ಕೂಲಿಯವರನ್ನು ನೆಚ್ಚಿಕೊಳ್ಳಬೇಡಿ, ನಿಮ್ಮ ಪೆಟ್ಟಿಗೆ ನೀವೇ ಎಳೆಯಬೇಕು, ಆದ್ದರಿಂದ ಒಬ್ಬರಿಗೆ ಒಂದೇ ಪೆಟ್ಟಿಗೆ. ರೈಲು ಹೊರಡೋ ಕೆಲವು ನಿಮಿಷ ಮುಂಚೆಯೇ ಗೇಟ್ ಮುಚ್ಚುತ್ತದೆ. ತಪಾಸಣೆಯಲ್ಲಿ ಹಣ್ಣು ಹೆಚ್ಚೋ ಚಾಕು ಸಿಕ್ಕರೆ ಹೋಯಿತು. ಪವರ್ ಬ್ಯಾಂಕ್ ಬಗ್ಗೆ: 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಅನ್ನೋ ಅಲ್ಲಿಯ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ಬಿಡೋದಿಲ್ಲ. ನಿಮ್ಮದು ರೈಲು, ಆದರೂ ಕೊನೆ ಗಳಿಗೆಯಲ್ಲಿ ವಿಮಾನಕ್ಕೆ ಬದಲಾಯಿಸಿದರೆ ಅಂತ ಹೇಳಿದೆ. ಚಾರ್ಜರ್‌ಗೆ ಅಡಾಪ್ಟರ್ ಒಯ್ಯಿರಿ, ನಮ್ಮ ಮೂರು ದುಂಡು ಪಿನ್ನು ಅಲ್ಲಿ ಹಿಡಿಯೋದಿಲ್ಲ.

ಶಾಂಘೈನಲ್ಲಿ ಎರಡೇ ರಾತ್ರಿ, ಹಾಗಾಗಿ ಒಂದೇ ಮಾತು: ಬಂಡ್ ಅನ್ನೋ ನದಿ ದಂಡೆಗೆ ದೀಪ ಹತ್ತೋ ಹೊತ್ತಿಗೆ ಹೋಗಿ. ರಾತ್ರಿ ಊಟ ಮುಗಿಸಿ ನಿಧಾನಕ್ಕೆ ಹೋಗೋಣ ಅಂದುಕೊಂಡರೆ ಸಾಮಾನ್ಯವಾಗಿ 10 ಗಂಟೆಗೆಲ್ಲ ದೀಪ ಆರಿಸಿಬಿಡುತ್ತಾರೆ. ಹೊತ್ತು ಸಿಕ್ಕರೆ ನಾನ್‌ಜಿಂಗ್ ಪಶ್ಚಿಮ ರಸ್ತೆಯ ಗೋಂಗ್‌ದೆಲಿನ್‌ನಲ್ಲಿ ಊಟ ಮಾಡಿ, 1922ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲು.

ಮಾತ್ರೆಗಳನ್ನು ಮೂಲ ಪ್ಯಾಕೆಟ್‌ನಲ್ಲೇ, ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹಾಂ, ಟೂರ್ ಬಿಲ್ಲಿನಲ್ಲಿ ಟಿಸಿಎಸ್ ಅಂತ ಒಂದು ಮೊತ್ತವನ್ನು ಆದಾಯ ತೆರಿಗೆಗೆ ಮುಂಗಡವಾಗಿ ಹಿಡಿದಿರುತ್ತಾರೆ. ಅದು ಕಂಪನಿಗೆ ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತದೆ. ಯಾರ ಪ್ಯಾನ್ ಕೊಟ್ಟಿದ್ದೀರಿ ನೋಡಿಕೊಳ್ಳಿ, ಆದಾಯ ತೆರಿಗೆ ಇಲಾಖೆಯ ನಿಮ್ಮ ಖಾತೆಯಲ್ಲಿ ಬಂದಿದೆಯಾ ಅಂತ ಪರಿಶೀಲಿಸಿ, ಮುಂದಿನ ವರ್ಷ ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಿ. ತೆರಿಗೆ ಇಲ್ಲದಿದ್ದರೆ ವಾಪಸ್ ಕೇಳಿ, ನಿವೃತ್ತರು ಬಹಳ ಜನ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.